ಆಜ್ಞೆ ಮತ್ತು ಹಾರೈಕೆಯ ನಡುವೆ: ಇಟಾಲಿಯನ್ ಕ್ರಿಯಾಪದದ ಒಂದು ಚರಿತ್ರೆ

‘ಬಾ’ ಎಂಬುದು ನಮ್ಮ ಭಾಷೆಯ ಅತ್ಯಂತ ಚಿಕ್ಕ ವಾಕ್ಯಗಳಲ್ಲಿ ಒಂದು. ಅದರಲ್ಲಿ ಕರ್ತೃಪದವಿಲ್ಲ, ಕಾಲಸೂಚಕ ಪ್ರತ್ಯಯವಿಲ್ಲ. ಧಾತುವೇ ವಾಕ್ಯವಾಗಿ ನಿಂತಿದೆ. ಆದರೆ ಹೇಳುವವರು ಯಾರು, ಕೇಳುವವರು ಯಾರು ಎಂಬುದು ಗೊತ್ತಾದೊಡನೆ ಈ ಪುಟ್ಟ ವಾಕ್ಯ ಬೆಳೆಯತೊಡಗುತ್ತದೆ. ‘ಬನ್ನಿ’, ‘ಬರಬೇಕು’, ‘ತಾವು ದಯಮಾಡಿಸಬೇಕು’, ‘ಸನ್ನಿಧಾನವು ಚಿತ್ತೈಸಬೇಕು’ ಎಂದು ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತ ಹೋದಂತೆ ಆಜ್ಞೆಯ ಅಂಶ ಕ್ಷೀಣಿಸಿ ಬಿನ್ನಹದ ಅಂಶ ಹೆಚ್ಚುತ್ತದೆ. ಸಮಾಜದ ಏರಿಳಿತಗಳೆಲ್ಲ ಕ್ರಿಯಾಪದದ ತುದಿಯಲ್ಲಿ ಮುದ್ರೆಯೊತ್ತಿರುತ್ತವೆ. ಇದು ಕನ್ನಡಕ್ಕೆ ಮಾತ್ರ ಸಲ್ಲುವ ಸಂಗತಿಯಲ್ಲ. ಆಜ್ಞಾಪಿಸುವ ಬಗೆಯನ್ನು ಕುರಿತು ಶತಮಾನಗಳ ಕಾಲ ವಾದವಿವಾದ ನಡೆದ, ಕೊನೆಗೆ ಒಂದು ಪ್ರಭುತ್ವವೇ ಆ ವಾದದಲ್ಲಿ ಪ್ರವೇಶಿಸಿ ಸೋತ ಭಾಷೆಯೊಂದಿದೆ, ಅದು ಇಟಾಲಿಯನ್. ಆ ಭಾಷೆಯ ವ್ಯಾಕರಣದ ಒಂದು ಸಣ್ಣ ಕೋಷ್ಟಕದ ಹಿಂದಿರುವ ದೊಡ್ಡ ಚರಿತ್ರೆಯನ್ನು ಇಲ್ಲಿ ಪರಿಶೀಲಿಸಲಾಗಿದೆ.

ಮಧ್ಯಮ ತರಗತಿಯ ತೊಡಕು

ಇಟಾಲಿಯನ್ ಭಾಷೆಯನ್ನು ಕಲಿಯುವವರು ಆರಂಭದ ತರಗತಿಯಲ್ಲಿ ನಿಶ್ಚಯಾರ್ಥಕ ರೂಪಗಳನ್ನು ಕಲಿಯುತ್ತಾರೆ. ನಾನು ಮಾತನಾಡುತ್ತೇನೆ, ಅವನು ಹೋದನು ಎಂಬಂಥ, ಇದ್ದುದನ್ನು ಇದ್ದಂತೆ ಹೇಳುವ ವಾಕ್ಯಗಳು ಅವು. ಮಧ್ಯಮ ತರಗತಿಗೆ ಬಂದಾಗ ಅವರ ಎದುರಿಗೆ ‘ಮೋದೊ’ಗಳು ಬಂದು ನಿಲ್ಲುತ್ತವೆ. ಕ್ರಿಯೆಯನ್ನು ಹೇಳುವವನ ಮನೋಭಾವವನ್ನು ಸೂಚಿಸುವ ರೂಪಭೇದಗಳಿಗೆ ಆ ಹೆಸರು. ಕ್ರಿಯಾಭಾವಗಳೆಂದು ನಾವು ಕರೆಯಬಹುದು. ಇಟಾಲಿಯನ್ ವ್ಯಾಕರಣವು ಇಂಥ ಏಳು ಭಾವಗಳನ್ನು ಎಣಿಸುತ್ತದೆ. ನಿಶ್ಚಯ, ಸಂಭಾವನೆ, ಷರತ್ತು, ಆಜ್ಞೆ ಎಂಬ ನಾಲ್ಕು ಪುರುಷಭೇದವುಳ್ಳವು. ಭಾವರೂಪ, ಕೃದಂತ, ‘ಜೆರೂಂದಿಯೊ’ ಎಂಬ ಮೂರು ಪುರುಷಭೇದವಿಲ್ಲದವು. ಇವುಗಳಲ್ಲಿ ಕಲಿಯುವವರನ್ನು ಬಹುವಾಗಿ ಕಾಡುವವು ಎರಡು. ಒಂದು ‘ಇಂಪೆರಾತೀವೊ’, ಅಂದರೆ ಆಜ್ಞಾರೂಪ. ಇನ್ನೊಂದು ‘ಕೊಂಜುಂತೀವೊ’, ಬಯಕೆ, ಸಂಶಯ, ಸಾಧ್ಯತೆ, ಹಾರೈಕೆಗಳನ್ನು ಹೇಳುವ ಸಂಭಾವನಾರೂಪ.

ಪಠ್ಯಪುಸ್ತಕಗಳು ಇವೆರಡನ್ನೂ ಬೇರೆ ಬೇರೆ ಪಾಠಗಳಲ್ಲಿ ಇಡುತ್ತವೆ. ಆದರೆ ಆಜ್ಞಾರೂಪದ ಕೋಷ್ಟಕವನ್ನು ಬಿಡಿಸಿದೊಡನೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ‘ಪಾರ್ಲಾರೆ’ ಎಂದರೆ ಮಾತನಾಡುವುದು. ಗೆಳೆಯನಿಗೆ ‘ಮಾತಾಡು’ ಎನ್ನಲು ‘ಪಾರ್ಲ’. ಗೌರವಕ್ಕೆ ಪಾತ್ರರಾದವರಿಗೆ ‘ಮಾತಾಡಿ’ ಎನ್ನಲು ‘ಪಾರ್ಲಿ’. ‘ಪ್ರೆಂದೆರೆ’ ಎಂದರೆ ತೆಗೆದುಕೊಳ್ಳುವುದು. ಇಲ್ಲಿ ಗೆಳೆಯನಿಗೆ ‘ಪ್ರೆಂದಿ’, ಗೌರವಾರ್ಹರಿಗೆ ‘ಪ್ರೆಂದ’. ಒಂದು ಕ್ರಿಯಾಪದದಲ್ಲಿ ಅಕಾರ ಸಲಿಗೆಯದು, ಇಕಾರ ಗೌರವದ್ದು. ಮತ್ತೊಂದರಲ್ಲಿ ಇಕಾರ ಸಲಿಗೆಯದು, ಅಕಾರ ಗೌರವದ್ದು. ಒಂದು ಸ್ವರ ತಪ್ಪಿದರೆ ಗುರುಗಳಿಗೆ ಏಕವಚನದ ಅಪ್ಪಣೆ ಕೊಟ್ಟಂತಾಗುತ್ತದೆ. ಇಷ್ಟೇ ಅಲ್ಲ. ‘ನನಗೆ ಹೇಳು’ ಎನ್ನುವಾಗ ಸರ್ವನಾಮ ಕ್ರಿಯಾಪದದ ಹಿಂದೆ ಬಂದು ‘ದಿಮ್ಮಿ’ ಎಂದು ಬೆಸೆದುಕೊಳ್ಳುತ್ತದೆ. ‘ನನಗೆ ಹೇಳಿ’ ಎನ್ನುವಾಗ ಅದೇ ಸರ್ವನಾಮ ಮುಂದೆ ಬಂದು ‘ಮಿ ದೀಕ’ ಎಂದು ಬಿಡಿಯಾಗಿ ನಿಲ್ಲುತ್ತದೆ. ಗೆಳೆಯನಿಗೆ ‘ಮಾತಾಡಬೇಡ’ ಎನ್ನಲು ಆಜ್ಞಾರೂಪವೇ ಮಾಯವಾಗಿ ‘ನೊನ್ ಪಾರ್ಲಾರೆ’ ಎಂಬ ಭಾವರೂಪ ಬರುತ್ತದೆ.

ಇವನ್ನು ಬಾಯಿಪಾಠ ಮಾಡಿ ಎಂದು ಹೇಳಿ ಮುಂದಿನ ಪಾಠಕ್ಕೆ ಹೋಗುವುದು ತರಗತಿಯ ಅನಿವಾರ್ಯತೆ. ಚರಿತ್ರೆಗೆ ಆ ಅವಸರವಿಲ್ಲ. ಮೇಲ್ನೋಟಕ್ಕೆ ಅಡ್ಡಾದಿಡ್ಡಿಯಾಗಿ ತೋರುವ ಈ ಎಲ್ಲ ರೂಪಗಳಿಗೂ ಕಾರಣಗಳಿವೆ.

ಲ್ಯಾಟಿನ್ನಿನ ಆಸ್ತಿ

‘ಇಂಪೆರಾತೀವೊ’ ಎಂಬ ಹೆಸರಿನ ಮೂಲ ಲ್ಯಾಟಿನ್ನಿನ ‘ಇಂಪೆರಾರೆ’, ಎಂದರೆ ಆಜ್ಞಾಪಿಸು. ಸೇನಾಧಿಪತಿಯೂ ಮುಂದೆ ಚಕ್ರವರ್ತಿಯೂ ಆದವನಿಗೆ ಸಲ್ಲುತ್ತಿದ್ದ ‘ಇಂಪೆರಾತೊರ್’ ಎಂಬ ಬಿರುದು ಅದೇ ಧಾತುವಿನಿಂದ ಹುಟ್ಟಿದ್ದು. ‘ಕೊಂಜುಂತೀವೊ’ ಎಂದರೆ ಕೂಡಿಕೊಂಡದ್ದು. ಬಹುಪಾಲು ಇನ್ನೊಂದು ವಾಕ್ಯಕ್ಕೆ ಅಧೀನವಾಗಿ ಬರುವುದರಿಂದ ಆ ಹೆಸರು. ಹೆಸರುಗಳಲ್ಲಿಯೇ ಒಡೆಯನೂ ಅಧೀನನೂ ಇರುವುದನ್ನು ಗಮನಿಸಬೇಕು. ಆದರೆ ಬಳಕೆಯಲ್ಲಿ ಅಧೀನನೇ ಒಡೆಯನ ಜಾಗವನ್ನು ಆಕ್ರಮಿಸಿಕೊಂಡ ಕಥೆ ಮುಂದಿದೆ.

ಸ್ವರಗಳ ಅದಲುಬದಲು ಲ್ಯಾಟಿನ್ನಿನಿಂದಲೇ ಬಂದ ಆಸ್ತಿ. ‘ಹಾಡು’ ಎಂಬರ್ಥದ ಲ್ಯಾಟಿನ್ ಕ್ರಿಯಾಪದದ ಆಜ್ಞಾರೂಪ ‘ಕಾಂತಾ’. ‘ಅವನು ಹಾಡಲಿ’ ಎಂಬ ಸಂಭಾವನಾರೂಪ ‘ಕಾಂತೆತ್’. ನಿಶ್ಚಯದಲ್ಲಿ ಅಕಾರವಿದ್ದ ವರ್ಗದ ಧಾತುಗಳು ಸಂಭಾವನೆಯಲ್ಲಿ ಎಕಾರವನ್ನೂ, ಉಳಿದ ವರ್ಗದವು ಸಂಭಾವನೆಯಲ್ಲಿ ಅಕಾರವನ್ನೂ ತಳೆಯುತ್ತಿದ್ದವು. ಕಾಲಾಂತರದಲ್ಲಿ ‘ಕಾಂತೆತ್’ ಎಂಬುದು ಕೊನೆಯ ವ್ಯಂಜನವನ್ನು ಕಳೆದುಕೊಂಡು, ಎಕಾರ ಇಕಾರವಾಗಿ ‘ಕಾಂತಿ’ ಎಂದಾಯಿತು. ‘ಪ್ರೆಹೆಂದಾತ್’ ಎಂಬುದು ‘ಪ್ರೆಂದ’ ಎಂದಾಯಿತು. ಆದ್ದರಿಂದ ಗೆಳೆಯನಿಗೆ ಹೇಳುವ ‘ಪಾರ್ಲ’, ‘ಪ್ರೆಂದಿ’ಗಳು ಹಳೆಯ ಆಜ್ಞಾರೂಪದ ಸಂತತಿ, ದೊಡ್ಡವರಿಗೆ ಹೇಳುವ ‘ಪಾರ್ಲಿ’, ‘ಪ್ರೆಂದ’ಗಳು ಸಂಭಾವನಾರೂಪದ ಸಂತತಿ. ಒಂದೇ ಕೋಷ್ಟಕದಲ್ಲಿ ಎರಡು ವಂಶಗಳು ಒಟ್ಟಿಗೆ ಸಂಸಾರ ಮಾಡುತ್ತಿವೆ. ಗೆಳೆಯನಿಗೆ ‘ಮಾತಾಡು’ ಎಂಬ ಆಜ್ಞೆ. ದೊಡ್ಡವರಿಗೆ ‘ಮಾತಾಡುವಂತಾಗಲಿ’ ಎಂಬ ಹಾರೈಕೆ.

ಸರ್ವನಾಮದ ಸ್ಥಾನಭೇದಕ್ಕೂ ಇದರಲ್ಲಿಯೇ ಉತ್ತರವಿದೆ. ಹಳೆಯ ಇಟಾಲಿಯನ್ನಿನಲ್ಲಿ ‘ಮಿ’ (ನನಗೆ), ‘ತಿ’ (ನಿನಗೆ) ಮೊದಲಾದ ದುರ್ಬಲ ಸರ್ವನಾಮಗಳು ವಾಕ್ಯದ ಮೊದಲಿಗೆ ಬರುವಂತಿರಲಿಲ್ಲ. ಕ್ರಿಯಾಪದದ ಬೆನ್ನಿಗೆ ಅಂಟಿಕೊಂಡೇ ಬರಬೇಕಿತ್ತು. ಕ್ರಮೇಣ ಈ ನಿರ್ಬಂಧ ಸಡಿಲಗೊಂಡು ಸರ್ವನಾಮಗಳು ಕ್ರಿಯಾಪದದ ಮುಂದಕ್ಕೆ ಬಂದವು. ಸಂಭಾವನಾರೂಪ ಈ ಬದಲಾವಣೆಯನ್ನು ಒಪ್ಪಿಕೊಂಡಿತು. ನಿಜವಾದ ಆಜ್ಞಾರೂಪ ಒಪ್ಪಲಿಲ್ಲ. ಹೀಗಾಗಿ ಸಲಿಗೆಯ ‘ದಿಮ್ಮಿ’ ಹಳೆಯ ವಾಕ್ಯರಚನೆಯ ಉಳಿಕೆಯಾಗಿ ನಿಂತಿದೆ.

ನಿಷೇಧದ ವಿಷಯವಂತೂ ಕನ್ನಡಿಗರಿಗೆ ಕುತೂಹಲಕರ. ಲ್ಯಾಟಿನ್ನಿನಲ್ಲಿ ‘ಮಾಡಬೇಡ’ ಎನ್ನಲು ಒಂದು ಸೌಮ್ಯವಾದ ಮಾರ್ಗವಿತ್ತು: ‘ಬಯಸದಿರು’ ಎಂಬರ್ಥದ ‘ನೋಲಿ’ ಎಂಬ ಪದವನ್ನು ಹೇಳಿ ಅದರ ಜೊತೆಗೆ ಭಾವರೂಪವನ್ನು ಇಡುವುದು. ಇಟಾಲಿಯನ್ನಿನ ‘ನೊನ್ ಪಾರ್ಲಾರೆ’ ಎಂಬ ರಚನೆಯನ್ನು ಹಲವು ವಿದ್ವಾಂಸರು ಈ ಮಾರ್ಗದೊಂದಿಗೆ ಸಂಬಂಧಿಸಿದ್ದಾರೆ. ನಮ್ಮ ‘ಮಾಡಬೇಡ’ದಲ್ಲಿಯೂ ‘ಮಾಡಲ್’ ಎಂಬ ಭಾವರೂಪ ಹಾಗೂ ಬೇಡದಿರುವಿಕೆಯನ್ನು ಹೇಳುವ ‘ಬೇಡ’ ಎಂಬ ಪದ ಸೇರಿವೆ. ಎರಡು ಭಾಷೆಗಳಿಗೂ ಯಾವ ನಂಟೂ ಇಲ್ಲ. ಆದರೂ ತಡೆಯುವಾಗ ನೇರವಾಗಿ ತಡೆಯದೆ, ಬಯಕೆಯನ್ನೇ ಹಿಂದಕ್ಕೆ ಸರಿಸುವ ಉಪಾಯ ಎರಡಕ್ಕೂ ಹೊಳೆದಿದೆ.

ಆಜ್ಞೆಗೆ ಎಟುಕದ ಕ್ರಿಯೆಗಳು

ಆಜ್ಞಾರೂಪದ ಕೋಷ್ಟಕದಲ್ಲಿ ‘ಅಪವಾದಗಳು’ ಎಂಬ ಶೀರ್ಷಿಕೆಯ ಕೆಳಗೆ ಕೆಲವು ಕ್ರಿಯಾಪದಗಳನ್ನು ಇಡುತ್ತಾರೆ. ಅವು ‘ಎಸ್ಸೆರೆ’ (ಇರು), ‘ಅವೇರೆ’ (ಹೊಂದಿರು), ‘ಸಪೇರೆ’ (ತಿಳಿ), ‘ವೊಲೇರೆ’ (ಬಯಸು). ಇವುಗಳ ಆಜ್ಞಾರೂಪಗಳು ಗೆಳೆಯನಿಗೆ ಹೇಳುವಾಗಲೂ ಸಂಭಾವನಾರೂಪದಿಂದ ಎರವಲು ಪಡೆದವು: ‘ಸೀಇ’, ‘ಅಬ್ಬಿ’, ‘ಸಪ್ಪಿ’, ಬಹುವಚನದಲ್ಲಿ ‘ಸಿಯಾತೆ’, ‘ಅಬ್ಬಿಯಾತೆ’, ‘ಸಪ್ಪಿಯಾತೆ’, ‘ವೊಲ್ಯಾತೆ’. ವ್ಯಾಕರಣದ ದೃಷ್ಟಿಯಿಂದ ಇವು ಅಪವಾದಗಳೇ ಸರಿ. ಆದರೆ ಅರ್ಥದ ಕಡೆಯಿಂದ ನೋಡಿದರೆ ಇಲ್ಲೊಂದು ನ್ಯಾಯವಿದೆ. ‘ಬಾಗಿಲು ತೆರೆ’ ಎಂದು ಆಜ್ಞಾಪಿಸಬಹುದು. ಕೇಳಿದವನು ಎದ್ದು ತೆರೆಯುತ್ತಾನೆ. ‘ಧೈರ್ಯವುಳ್ಳವನಾಗು’, ‘ತಾಳ್ಮೆಯನ್ನು ಹೊಂದು’, ‘ತಿಳಿದವನಾಗು’, ‘ಬಯಸು’ ಎಂದರೆ ಕೇಳಿದವನು ಏನು ಮಾಡಬೇಕು? ಇರುವಿಕೆ, ಹೊಂದಿರುವಿಕೆ, ತಿಳಿವು, ಇಚ್ಛೆ ಇವು ಅಪ್ಪಣೆಯಿಂದ ಉಂಟಾಗುವಂಥವಲ್ಲ. ಅವು ಆಗಲೆಂದು ಹಾರೈಸಬಹುದು, ಅಷ್ಟೆ. ಭಾಷೆಯು ಇದನ್ನು ಯಾವ ವೈಯಾಕರಣನ ಸೂಚನೆಯೂ ಇಲ್ಲದೆ ಅರಿತುಕೊಂಡು ಈ ನಾಲ್ಕು ಧಾತುಗಳನ್ನು ಹಾರೈಕೆಯ ಕೈಗೆ ಒಪ್ಪಿಸಿತು.

ನಮ್ಮ ಶಾಲಾ ವ್ಯಾಕರಣದಲ್ಲಿ ವಿಧ್ಯರ್ಥಕ ರೂಪಕ್ಕೆ ಆಶೀರ್ವಾದ, ಅಪ್ಪಣೆ, ಆಜ್ಞೆ, ಹಾರೈಕೆಗಳೆಂಬ ಅರ್ಥಗಳನ್ನು ಒಟ್ಟಿಗೆ ಹೇಳುತ್ತೇವೆ. ‘ಪಾಠವನ್ನು ಓದು’ ಎಂಬುದೂ ‘ದೇವರು ಒಳ್ಳೆಯದು ಮಾಡಲಿ’ ಎಂಬುದೂ ಒಂದೇ ಹೆಸರಿನ ಕೆಳಗೆ ಬರುತ್ತವೆ. ಪಾಣಿನಿಯು ‘ಲಿಙ್’ ಎಂಬ ಲಕಾರಕ್ಕೆ ವಿಧಿ, ನಿಮಂತ್ರಣ, ಆಮಂತ್ರಣ, ಅಧೀಷ್ಟ, ಸಂಪ್ರಶ್ನ, ಪ್ರಾರ್ಥನೆ ಎಂಬ ಆರು ಅರ್ಥಗಳನ್ನು ವಿಧಿಸಿ, ‘ಲೋಟ್’ ಎಂಬ ಆಜ್ಞಾರ್ಥಕ್ಕೂ ಅವನ್ನೇ ಅನ್ವಯಿಸಿದ್ದಾನೆ. ಸೇವಕನಿಗೆ ಕೊಡುವ ವಿಧಿಯಿಂದ ದೇವರಿಗೆ ಸಲ್ಲಿಸುವ ಪ್ರಾರ್ಥನೆಯವರೆಗೆ ಒಂದೇ ಸಾಲು. ಈ ಪರಂಪರೆಯಲ್ಲಿ ಬೆಳೆದವರಿಗೆ ಇಟಾಲಿಯನ್ನಿನ ಗೊಂದಲ ಅಷ್ಟೇನೂ ಅಪರಿಚಿತವಲ್ಲ.

‘ತು’, ‘ವೋಯ್’, ‘ಲೇಯ್’

ಇನ್ನು ಗೌರವದ ಆಜ್ಞೆ ಸಂಭಾವನಾರೂಪಕ್ಕೆ ಹೋದುದೇಕೆ ಎಂಬ ಮುಖ್ಯ ಪ್ರಶ್ನೆಗೆ ಬರೋಣ. ಪ್ರಾಚೀನ ರೋಮಿನಲ್ಲಿ ಗುಲಾಮನಿಗೂ ಒಡೆಯನಿಗೂ ಒಂದೇ ‘ತು’, ಅಂದರೆ ನೀನು. ಸಾಮ್ರಾಜ್ಯದ ಉತ್ತರಕಾಲದಲ್ಲಿ ಚಕ್ರವರ್ತಿಯನ್ನು ಬಹುವಚನದಿಂದ ಸಂಬೋಧಿಸುವ ರೂಢಿ ಮೊದಲಾಯಿತು. ಅದು ಇಟಾಲಿಯನ್ನಿನಲ್ಲಿ ‘ವೋಯ್’ (ನೀವು) ಆಗಿ ಮುಂದುವರಿಯಿತು. ದಾಂತೆಯ ಮಹಾಕಾವ್ಯದಲ್ಲಿ ಈ ಎರಡು ಸರ್ವನಾಮಗಳ ವಿವೇಚನೆ ಸೂಕ್ಷ್ಮವಾಗಿದೆ. ಮಾರ್ಗದರ್ಶಕನಾದ ವರ್ಜಿಲನಿಗೆ ಕವಿ ‘ತು’ ಎನ್ನುತ್ತಾನೆ. ನರಕದಲ್ಲಿ ಭೇಟಿಯಾದ ಹಳೆಯ ಗುರು ಬ್ರುನೆತ್ತೊ ಲತೀನಿಗೆ ‘ವೋಯ್’ ಎನ್ನುತ್ತಾನೆ. ಸ್ವರ್ಗದಲ್ಲಿ ತನ್ನ ಪೂರ್ವಜನಾದ ಕಾಚಗ್ವೀದನನ್ನು ವಂಶಾಭಿಮಾನದಿಂದ ‘ವೋಯ್’ ಎಂದು ಕರೆದಾಗ, ಆ ಪದ ರೋಮಿನಲ್ಲಿ ಮೊದಲು ಬಳಕೆಗೆ ಬಂದದ್ದೆಂಬ ಐತಿಹ್ಯವನ್ನೂ ನೆನೆಯುತ್ತಾನೆ. ಸ್ವರ್ಗದ ಉದ್ದಕ್ಕೂ ಬೆಯಾತ್ರೀಚೆಗೆ ‘ವೋಯ್’ ಎಂದವನು, ಆಕೆಯಿಂದ ಬೀಳ್ಕೊಳ್ಳುವ ಮೂವತ್ತೊಂದನೆಯ ಸರ್ಗದಲ್ಲಿ ‘ತು’ ಎನ್ನುತ್ತಾನೆ. ದೇವರನ್ನು ಏಕವಚನದಲ್ಲಿ ಕರೆಯುವ ನಮ್ಮ ಭಕ್ತರಿಗೆ ಈ ಬದಲಾವಣೆಯ ಅರ್ಥ ವಿವರಿಸಬೇಕಾಗಿಲ್ಲ.

ದಾಂತೆಯ ಕಾಲದಲ್ಲಿ ಗೌರವದ ಸರ್ವನಾಮವಾಗಿ ‘ಲೇಯ್’ ಇರಲಿಲ್ಲ. ಅದು ಬೆಳೆದದ್ದು ಪುನರುಜ್ಜೀವನ ಕಾಲದ ಆಸ್ಥಾನಗಳಲ್ಲಿಯೂ ಕಾರ್ಯಾಲಯಗಳ ಪತ್ರವ್ಯವಹಾರದಲ್ಲಿಯೂ. ಪ್ರಭುವಿಗೆ ಬರೆಯುವಾಗ ‘ನೀವು’ ಎನ್ನುವುದೂ ಸಾಲದೆಂದು ತೋರಿ, ‘ತಮ್ಮ ಪ್ರಭುತ್ವವು’ (ವೊಸ್ತ್ರ ಸಿನ್ಯೊರೀಯ), ‘ತಮ್ಮ ಘನತೆಯು’ ಎಂದು ಬರೆಯುವ ರೂಢಿ ಬಂತು. ವ್ಯಕ್ತಿಯನ್ನು ನೇರವಾಗಿ ನೋಡದೆ ಅವನ ಗುಣವೊಂದನ್ನು ಮುಂದಿಟ್ಟುಕೊಂಡು ಮಾತನಾಡುವ ಕ್ರಮವಿದು. ಆ ಭಾವನಾಮಗಳು ಇಟಾಲಿಯನ್ನಿನಲ್ಲಿ ಸ್ತ್ರೀಲಿಂಗದವು. ಪತ್ರದ ಮುಂದಿನ ವಾಕ್ಯಗಳಲ್ಲಿ ಅವಕ್ಕೆ ಬದಲಾಗಿ ಬರುವ ಸರ್ವನಾಮ ಸಹಜವಾಗಿ ‘ಅವಳು’. ಮೊದಲು ‘ಎಲ್ಲ’, ಬಳಿಕ ‘ಲೇಯ್’. ಹದಿನಾರನೆಯ ಶತಮಾನದಲ್ಲಿ ಇಟಲಿಯ ಬಹುಭಾಗ ಸ್ಪೇನಿನ ಪ್ರಭಾವಕ್ಕೆ ಒಳಗಾದಾಗ, ಅಂಥದೇ ಸಂಬೋಧನಾಕ್ರಮವಿದ್ದ ಸ್ಪ್ಯಾನಿಶ್ ಶಿಷ್ಟಾಚಾರ ಇದಕ್ಕೆ ಇನ್ನಷ್ಟು ಪುಷ್ಟಿ ಕೊಟ್ಟಿತು. ಈಗಲೂ ಮೀಸೆ ಹೊತ್ತ ಗಂಡಸಿಗೆ ಗೌರವದಿಂದ ವಿದಾಯ ಹೇಳುವಾಗ ಇಟಾಲಿಯನ್ನರು ‘ಅರ್ರಿವೆದೇರ್‌ಲ’ ಎನ್ನುತ್ತಾರೆ. ಅದರ ಕೊನೆಯ ‘ಲ’ ಎಂದರೆ ‘ಅವಳನ್ನು’.

ಕರ್ತೃ ಪ್ರಥಮ ಪುರುಷಕ್ಕೆ ಸರಿದ ಮೇಲೆ ಆಜ್ಞಾರೂಪಕ್ಕೆ ನೆಲೆ ತಪ್ಪಿತು. ಆಜ್ಞೆ ಎದುರಿಗಿರುವವನಿಗೆ ಮಾತ್ರ ಸಾಧ್ಯ. ಅಲ್ಲಿಲ್ಲದ ‘ಅವಳಿಗೆ’ ಆಜ್ಞೆ ಮಾಡಲಾಗದು. ‘ಪ್ರಭುತ್ವವು ಬರಲಿ’ ಎಂದಷ್ಟೇ ಹೇಳಬಹುದು. ಇದೇ ‘ವೆಂಗ’, ‘ಬನ್ನಿ’ ಎಂಬರ್ಥದ ಇಂದಿನ ಗೌರವಸೂಚಕ ಆಜ್ಞೆ. ಸಂಸ್ಕೃತದ ‘ಭವಾನ್’ ಪ್ರಥಮ ಪುರುಷದ ಕ್ರಿಯಾಪದವನ್ನು ಬಯಸಿ ‘ಭವಾನ್ ಆಗಚ್ಛತು’ ಎಂದಾಗುವುದು ಇದೇ ತರ್ಕದಿಂದ. ನಮ್ಮ ‘ತಾವು’ ಕೂಡ ಮೂಲತಃ ಪ್ರಥಮ ಪುರುಷದ ಆತ್ಮಾರ್ಥಕ ಸರ್ವನಾಮ; ಮಠಗಳ ‘ಸನ್ನಿಧಾನವು’ ವ್ಯಕ್ತಿಯನ್ನು ಬಿಟ್ಟು ಅವರ ಇರವನ್ನು ಸಂಬೋಧಿಸುವ ಪದ. ದೊಡ್ಡವರ ಕಣ್ಣಲ್ಲಿ ಕಣ್ಣಿಟ್ಟು ‘ಮಾಡು’ ಎನ್ನಲಾರದ ಸಂಕೋಚವೇ ಈ ಎಲ್ಲ ರೂಪಗಳ ತಾಯಿ.

ವೈಯಾಕರಣರ ಆಯ್ಕೆ

ಆಡುಮಾತಿನಲ್ಲಿ ನಾನಾ ರೂಪಗಳು ಹೋರಾಡುತ್ತಿದ್ದಾಗ ಯಾವುದು ಶುದ್ಧ ಎಂಬ ತೀರ್ಮಾನ ಮುದ್ರಣದ ಕಾಲದಲ್ಲಿ ಆಯಿತು. 1516ರಲ್ಲಿ ಅಂಕೋನ ಪಟ್ಟಣದಲ್ಲಿ ಫೊರ್ತೂನಿಯೊ ಎಂಬವನ ವ್ಯಾಕರಣ ಅಚ್ಚಾಯಿತು. ಇಟಾಲಿಯನ್ ಭಾಷೆಯ ಮೊದಲ ಮುದ್ರಿತ ವ್ಯಾಕರಣವದು. 1525ರಲ್ಲಿ ವೆನಿಸ್ಸಿನ ಪಿಯೆತ್ರೊ ಬೆಂಬೊ ದೇಶಭಾಷೆಯನ್ನು ಕುರಿತ ತನ್ನ ಸಂವಾದಗ್ರಂಥವನ್ನು ಪ್ರಕಟಿಸಿ, ಪದ್ಯಕ್ಕೆ ಪೆತ್ರಾರ್ಕನೂ ಗದ್ಯಕ್ಕೆ ಬೊಕ್ಕಾಚೊ ಆದರ್ಶವೆಂದು ಸಾರಿದನು. ಇಬ್ಬರೂ ಹದಿನಾಲ್ಕನೆಯ ಶತಮಾನದವರು. 1583ರಲ್ಲಿ ಫ್ಲಾರೆನ್ಸಿನಲ್ಲಿ ಸ್ಥಾಪನೆಯಾದ ‘ಕ್ರುಸ್ಕ’ ಅಕಾಡೆಮಿ ತನ್ನ ಮಹಾನಿಘಂಟನ್ನು 1612ರಲ್ಲಿ ಹೊರತಂದಿತು. ‘ಕ್ರುಸ್ಕ’ ಎಂದರೆ ತೌಡು. ಭಾಷೆಯ ತೌಡನ್ನು ಜರಡಿ ಹಿಡಿದು ಹಿಟ್ಟನ್ನು ಉಳಿಸಿಕೊಳ್ಳುವುದು ಅದರ ಸಂಕಲ್ಪ.

ಹೀಗೆ ಇನ್ನೂರು ವರ್ಷ ಹಿಂದಿನ ಭಾಷೆಯನ್ನು ಆದರ್ಶವಾಗಿ ಹಿಡಿದದ್ದರ ಪರಿಣಾಮವೊಂದು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ಬೆಂಬೊ ಬರೆಯುತ್ತಿದ್ದ ಹೊತ್ತಿಗೆ ಫ್ಲಾರೆನ್ಸಿನ ಜೀವಂತ ಆಡುಮಾತು ಬದಲಾಗಿಹೋಗಿತ್ತು. ‘ಪಾರ್ಲಿ’, ‘ಕಾಂತಿ’ಗಳ ಇಕಾರವನ್ನು ಅಲ್ಲಿನ ಜನ ಇತರ ಧಾತುಗಳಿಗೂ ಹಬ್ಬಿಸಿ, ‘ಫಾಚ್ಚ’ ಎನ್ನಬೇಕಾದಲ್ಲಿ ‘ಫಾಚ್ಚಿ’, ‘ವೆಂಗ’ ಎನ್ನಬೇಕಾದಲ್ಲಿ ‘ವೆಂಗಿ’ ಎನ್ನುತ್ತಿದ್ದರು. ಅದು ಮೆಕಿಯಾವೆಲ್ಲಿಯ ಕಾಲದ ಫ್ಲಾರೆನ್ಸ್; ಅವು ಕೀಳುಜನರ ತಪ್ಪುಗಳೆಂದು ಆಗ ಯಾರೂ ಭಾವಿಸಿರಲಿಲ್ಲ. ಆದರೆ ಜರಡಿಯಲ್ಲಿ ಅವು ತೌಡಿನ ಕಡೆಗೆ ಹೋದವು. ಸಂಭಾವನಾರೂಪದ ಅಕಾರ, ಇಕಾರಗಳ ತೊಡಕು ಇಂದಿಗೂ ಉಳಿದಿರುವುದು ಹಳೆಯ ಮಾದರಿ ಗೆದ್ದುದರಿಂದ.

ಈ ಶುದ್ಧ ಭಾಷೆ ಬಹುಕಾಲ ಗ್ರಂಥಸ್ಥವಾಗಿಯೇ ಇತ್ತು. 1861ರಲ್ಲಿ ಇಟಲಿ ಒಂದು ರಾಜ್ಯವಾದಾಗ ಜನಸಂಖ್ಯೆಯ ಸುಮಾರು ಮುಕ್ಕಾಲು ಪಾಲು ನಿರಕ್ಷರಿಗಳು. ಅಂದು ಇಟಾಲಿಯನ್ ಬಲ್ಲವರು ಶೇಕಡ 2.5ರಷ್ಟು ಮಾತ್ರ ಎಂದು ತುಲ್ಲಿಯೊ ದೆ ಮಾವ್ರೊ ಅಂದಾಜು ಮಾಡಿದರೆ, ಅರ್ರೀಗೊ ಕಸ್ತೆಲ್ಲಾನಿ ಅದನ್ನು ಶೇಕಡ 10ರ ಸಮೀಪಕ್ಕೆ ಏರಿಸಿದರು. ಯಾವುದನ್ನು ಒಪ್ಪಿದರೂ ಉಳಿದವರು ಮನೆಯಲ್ಲಿ ತಮ್ಮ ತಮ್ಮ ಪ್ರಾಂತ್ಯದ ನುಡಿಯನ್ನೇ ಆಡುತ್ತಿದ್ದರು. ಮಾಂತ್ಸೋನಿ ತನ್ನ ಕಾದಂಬರಿಯನ್ನು ಫ್ಲಾರೆನ್ಸಿನ ವಿದ್ಯಾವಂತರ ಜೀವಂತ ಮಾತಿಗೆ ಹೊಂದಿಸಿ 1840ರಿಂದ ಮತ್ತೆ ಅಚ್ಚು ಮಾಡಿಸಿದ್ದು, 1868ರಲ್ಲಿ ಭಾಷಾ ಏಕತೆಯ ಬಗ್ಗೆ ಸರ್ಕಾರಕ್ಕೆ ವರದಿ ಕೊಟ್ಟದ್ದು ಈ ಕಂದಕವನ್ನು ತುಂಬುವ ಪ್ರಯತ್ನಗಳೇ. ಗುಮಾಸ್ತನೂ ರೈತನ ಮಗನೂ ಶಾಲೆಯಲ್ಲಿ, ಸೈನ್ಯದಲ್ಲಿ, ಕಚೇರಿಯಲ್ಲಿ ಈ ಭಾಷೆಯನ್ನು ಕಲಿಯತೊಡಗಿದರು. ಅವರಿಗೆ ‘ಲೇಯ್’ ಮತ್ತು ಅದರ ಸಂಭಾವನಾರೂಪಗಳು ಮೇಲ್ವರ್ಗದ ಬಾಗಿಲಿನ ಬೀಗದಂತೆ ಕಂಡಿರಬೇಕು.

1938: ಆಜ್ಞಾರೂಪಕ್ಕೇ ಆಜ್ಞೆ

ಇಪ್ಪತ್ತನೆಯ ಶತಮಾನದಲ್ಲಿ ಈ ಸರ್ವನಾಮದ ಮೇಲೆ ರಾಜಕೀಯ ಆಕ್ರಮಣ ನಡೆಯಿತು. 1938ರ ಜನವರಿ 15ರಂದು ‘ಕೊರ್ರಿಯೇರೆ ದೆಲ್ಲ ಸೇರ’ ಪತ್ರಿಕೆಯಲ್ಲಿ ಫ್ಲಾರೆನ್ಸಿನ ಲೇಖಕ ಬ್ರೂನೊ ಚಿಕೊನ್ಯಾನಿಯ ಲೇಖನವೊಂದು ಪ್ರಕಟವಾಯಿತು. ‘ಲೇಯ್’ ಎಂಬುದು ಪರಕೀಯರ ಆಳ್ವಿಕೆಯಲ್ಲಿ ಅಂಟಿಕೊಂಡ ದಾಸ್ಯದ ಗುರುತು, ಅದನ್ನು ತೊಲಗಿಸಬೇಕು ಎಂಬುದು ಅದರ ವಾದ. ಫ್ಯಾಸಿಸ್ಟ್ ಪಕ್ಷದ ಕಾರ್ಯದರ್ಶಿ ಅಕಿಲ್ಲೆ ಸ್ತರಾಚೆ ಇದನ್ನು ಕೂಡಲೇ ಕೈಗೆತ್ತಿಕೊಂಡನು. ಮೊದಲು ಪಕ್ಷದ ಯುವಸಂಘಟನೆಗಳಿಗೆ, ಬಳಿಕ ಸರ್ಕಾರಿ ನೌಕರರಿಗೆ ಅಪ್ಪಣೆಯಾಯಿತು: ಸಮಾನರಿಗೆ ‘ತು’, ಗೌರವಾರ್ಹರಿಗೆ ‘ವೋಯ್’, ‘ಲೇಯ್’ ಕೂಡದು. ರಿಜ್ಜೋಲಿ ಸಂಸ್ಥೆಯ ‘ಲೇಯ್’ ಎಂಬ ಮಹಿಳಾ ವಾರಪತ್ರಿಕೆಯ ಹೆಸರಿನಲ್ಲಿ ಆ ಪದಕ್ಕೆ ‘ಆಕೆ’ ಎಂಬ ಸರಳಾರ್ಥವಿದ್ದರೂ, ಅದು ‘ಅನ್ನಬೆಲ್ಲ’ ಎಂದು ಹೆಸರು ಬದಲಿಸಿಕೊಳ್ಳಬೇಕಾಯಿತು. 1939ರಲ್ಲಿ ತೂರಿನ್ ನಗರದಲ್ಲಿ ‘ಲೇಯ್’ ವಿರೋಧಿ ಪ್ರದರ್ಶನವನ್ನೇ ಏರ್ಪಡಿಸಿದರು. ಹಾಗಾದರೆ ಗಲಿಲೇಯ್ ಎಂಬ ವಿಜ್ಞಾನಿಯನ್ನು ಇನ್ನು ಮುಂದೆ ‘ಗಲಿವೋಯ್’ ಎನ್ನಬೇಕೇ ಎಂಬ ನಗೆಮಾತು ಆ ಕಾಲದ್ದೇ.

ಇದು ನಗೆಗೆ ಮುಗಿಯುವ ವಿಷಯವಲ್ಲ. ಇದೇ ಪ್ರಭುತ್ವ 1920ರ ದಶಕದಲ್ಲಿಯೇ ತ್ರಿಯೆಸ್ತೆ ಪ್ರದೇಶದ ಸ್ಲೊವೀನ್ ಮತ್ತು ಕ್ರೊಯೇಶಿಯನ್ ಕುಟುಂಬಗಳ ಅಡ್ಡಹೆಸರುಗಳನ್ನು ಇಟಾಲಿಯನ್ ಮಾಡಿಸಿತ್ತು. ಯಹೂದಿಗಳನ್ನು ಶಾಲೆಗಳಿಂದಲೂ ಹುದ್ದೆಗಳಿಂದಲೂ ಹೊರಹಾಕಿದ ಜನಾಂಗೀಯ ಕಾನೂನುಗಳು ಬಂದದ್ದೂ 1938ರಲ್ಲಿಯೇ. ಜನರ ಹೆಸರು, ಪದ, ಸರ್ವನಾಮ ಎಲ್ಲವೂ ಪ್ರಭುತ್ವದ ಸೊತ್ತೆಂಬ ಒಂದೇ ಧೋರಣೆಯ ಭಾಗಗಳು ಇವು.

ವ್ಯಾಕರಣದ ದೃಷ್ಟಿಯಿಂದ ಈ ಆಜ್ಞೆಯ ಪರಿಣಾಮವೇನು? ‘ಲೇಯ್’ ಹೋದರೆ ಅದರೊಂದಿಗೆ ‘ವೆಂಗ’, ‘ದೀಕ’, ‘ಪ್ರೆಂದ’ಗಳೂ ಆಜ್ಞೆಯ ಕೋಷ್ಟಕದಿಂದ ಹೋಗುತ್ತವೆ, ಆ ಜಾಗದಲ್ಲಿ ‘ವೆನೀತೆ’, ‘ದೀತೆ’, ‘ಪ್ರೆಂದೇತೆ’ ಎಂಬ ‘ವೋಯ್’ನ ನೇರ ಆಜ್ಞಾರೂಪಗಳು ಬರುತ್ತವೆ. ಅಂದರೆ ಒಬ್ಬ ನಾಗರಿಕನು ಮತ್ತೊಬ್ಬನಿಗೆ ಹೇಳುವ ಮಾತಿನಿಂದ ಹಾರೈಕೆಯ ಅಂಶವನ್ನು ತೆಗೆದು ಅಪ್ಪಣೆಯ ಅಂಶವನ್ನು ಮಾತ್ರ ಉಳಿಸಿದಂತೆ. ಇನ್ನು ಆ ಪ್ರಭುತ್ವ ತಾನು ಜನರೊಡನೆ ಮಾತನಾಡುತ್ತಿದ್ದ ರೂಪವಾವುದು? ಗೋಡೆಗೋಡೆಗಳ ಮೇಲೆ ಬರೆಸಿದ ಅದರ ಪ್ರಸಿದ್ಧ ಘೋಷಣೆ ನಂಬುವುದು, ವಿಧೇಯರಾಗುವುದು, ಹೋರಾಡುವುದು ಎಂಬರ್ಥದ ಮೂರು ಭಾವರೂಪಗಳಿಂದ ಕೂಡಿತ್ತು. ಇಟಾಲಿಯನ್ನಿನಲ್ಲಿ ಔಷಧದ ಸೀಸೆಯ ಮೇಲೆ, ಬಾಗಿಲಿನ ಫಲಕದ ಮೇಲೆ, ಅಡುಗೆಯ ಪುಸ್ತಕದಲ್ಲಿ ಬರುವ ಸೂಚನೆಗಳು ಭಾವರೂಪದಲ್ಲಿಯೇ ಇರುತ್ತವೆ. ಅದು ಪುರುಷವಿಲ್ಲದ ಆಜ್ಞೆ. ಹೇಳುವವನೂ ಕಾಣುವುದಿಲ್ಲ, ಕೇಳುವವನಿಗೂ ಮುಖವಿಲ್ಲ. ನಮ್ಮ ಕಚೇರಿಯ ಸುತ್ತೋಲೆಗಳಲ್ಲಿ ‘ಹಾಜರಾಗತಕ್ಕದ್ದು’, ‘ಸಲ್ಲಿಸತಕ್ಕದ್ದು’ ಎಂಬ ರೂಪಗಳನ್ನು ಓದುವಾಗ ಆಗುವ ಅನುಭವ ಇದನ್ನು ಹೋಲುತ್ತದೆ. ಸೀಸೆಯನ್ನು ಅಲುಗಾಡಿಸಲು ಅಂಥ ಆಜ್ಞೆ ಸಾಕು. ಮನುಷ್ಯನಿಗೆ ನಂಬಿಕೆಯನ್ನೂ ವಿಧೇಯತೆಯನ್ನೂ ಅದೇ ರೂಪದಲ್ಲಿ ವಿಧಿಸಿದಾಗ, ಆಜ್ಞೆಗೆ ಎಟುಕದ ಕ್ರಿಯೆಗಳ ವಿಷಯದಲ್ಲಿ ಭಾಷೆ ತೋರಿದ್ದ ವಿವೇಕ ಕಾಲ್ತುಳಿತಕ್ಕೆ ಸಿಕ್ಕಿತು.

ಜನರು ಒಪ್ಪಲಿಲ್ಲ. ಬಹಿರಂಗ ಪ್ರತಿಭಟನೆ ಇರಲಿಲ್ಲ. ಕಚೇರಿಯಲ್ಲಿ ‘ವೋಯ್’ ಎಂದವರು ಬೀದಿಗೆ ಬಂದು ‘ಲೇಯ್’ ಎಂದರು. ದಕ್ಷಿಣದ ಪ್ರಾಂತ್ಯಗಳಲ್ಲಿ ‘ವೋಯ್’ ಮೊದಲಿನಿಂದಲೂ ರೂಢಿಯ ಗೌರವವಚನ. ನೇಪಲ್ಸಿನಲ್ಲಿ ನೆಲೆಸಿದ್ದ ತತ್ತ್ವಚಿಂತಕ ಬೆನೆದೆತ್ತೊ ಕ್ರೋಚೆ ಅದುವರೆಗೆ ಸಹಜವಾಗಿ ‘ವೋಯ್’ ಎನ್ನುತ್ತಿದ್ದವರು, ಅಪ್ಪಣೆಯಾದ ಮೇಲೆ ‘ಲೇಯ್’ ಎನ್ನತೊಡಗಿದರೆಂಬ ಮಾತು ಪ್ರಸಿದ್ಧವಾಗಿದೆ. 1943ರ ಜುಲೈನಲ್ಲಿ ಮುಸ್ಸೋಲಿನಿಯ ಪತನವಾದ ಮೇಲೆ ‘ಲೇಯ್’ ತನ್ನ ಸ್ಥಾನಕ್ಕೆ ಮರಳಿತು. ದಾಂತೆ ತನ್ನ ಗುರುವಿಗೂ ಪ್ರಿಯೆಗೂ ಸಲ್ಲಿಸಿದ್ದ ‘ವೋಯ್’ಗೆ ಮಾತ್ರ ಆ ಐದು ವರ್ಷಗಳ ಕಲೆ ಅಂಟಿತು. ದಕ್ಷಿಣದ ಕೆಲವೆಡೆಗಳಲ್ಲಿ ಹಿರಿಯರಿಗೆ ಸಲ್ಲುವ ಮಾತಾಗಿ ಅದು ಉಳಿದಿದೆ. ಉಳಿದೆಡೆ ಏಕವ್ಯಕ್ತಿಗೆ ಹಾಗೆನ್ನುವುದು ವಿರಳ. ಒಂದು ಪದವನ್ನು ಉಳಿಸುತ್ತೇವೆಂದು ಹೊರಟವರು ಅದನ್ನೇ ಕೆಡಿಸಿದರು.

ಟೆನಿಸ್ ಅಂಗಳದಲ್ಲಿ ಸಂಭಾವನಾರೂಪ

ಯುದ್ಧಾನಂತರ 1954ರಲ್ಲಿ ದೂರದರ್ಶನ ಪ್ರಸಾರ ಆರಂಭವಾಯಿತು. ಶಾಲೆಗಳು ಹೆಚ್ಚಿದವು, ದಕ್ಷಿಣದ ಹಳ್ಳಿಗಳಿಂದ ಉತ್ತರದ ಕಾರ್ಖಾನೆಗಳಿಗೆ ಜನ ವಲಸೆ ಹೋದರು. ಲಕ್ಷಾಂತರ ಮಂದಿ ಮೊದಲ ಬಾರಿಗೆ ಇಟಾಲಿಯನ್ನನ್ನು ದಿನಬಳಕೆಯ ಭಾಷೆಯಾಗಿ ಆಡತೊಡಗಿದಾಗ ಸಂಭಾವನಾರೂಪ ಅವರ ಪರೀಕ್ಷೆಯಾಯಿತು. 1975ರಲ್ಲಿ ಲುಚಾನೊ ಸಾಲ್ಚೆ ನಿರ್ದೇಶಿಸಿದ ‘ಫಾಂತೋತ್ಸಿ’ ಎಂಬ ಹಾಸ್ಯಚಿತ್ರ ಇದನ್ನು ಅವಿಸ್ಮರಣೀಯವಾಗಿ ತೋರಿಸಿದೆ. ಪಾವೊಲೊ ವಿಲ್ಲಾಜೊ ಅಭಿನಯಿಸಿದ ಫಾಂತೋತ್ಸಿ ದೊಡ್ಡ ಸಂಸ್ಥೆಯೊಂದರ ಕೆಳದರ್ಜೆಯ ಲೆಕ್ಕಿಗ. ಮಂಜು ಕವಿದ ಮುಂಜಾವಿನಲ್ಲಿ ಅವನೂ ಸಹೋದ್ಯೋಗಿ ಫಿಲೀನಿಯೂ ಟೆನಿಸ್ ಆಡಲು ನಿಂತಿದ್ದಾರೆ. ಚೆಂಡನ್ನು ಹೊಡೆಯಿರಿ ಎನ್ನಲು ಫಿಲೀನಿ ‘ಬತ್ತ’ ಎನ್ನಬೇಕಾದಲ್ಲಿ ‘ಬತ್ತಿ’ ಎನ್ನುತ್ತಾನೆ. ತನಗೆ ಏಕವಚನ ಪ್ರಯೋಗವಾಯಿತೆಂದು ಫಾಂತೋತ್ಸಿ ಬೆರಗಾಗಿ ಕೇಳುತ್ತಾನೆ. ಇಲ್ಲ, ಗೌರವದಿಂದಲೇ ಹೇಳಿದೆ ಎಂದು ಫಿಲೀನಿ ಅದೇ ತಪ್ಪು ರೂಪಕ್ಕೆ ‘ಲೇಯ್’ ಸೇರಿಸಿದಾಗ, ಓಹೋ, ಇದು ಸಂಭಾವನಾರೂಪ ಎಂದು ಇವನಿಗೆ ಸಮಾಧಾನವಾಗುತ್ತದೆ. ಚಿತ್ರಮಂದಿರದಲ್ಲಿ ನಕ್ಕವರಲ್ಲಿ ಅನೇಕರು ಸ್ವತಃ ಆ ಭಯವನ್ನು ಅನುಭವಿಸಿದವರೇ.

ಫಿಲೀನಿಯ ಇಕಾರ ಐದು ಶತಮಾನಗಳ ಹಿಂದೆ ಫ್ಲಾರೆನ್ಸಿನಲ್ಲಿ ಹಬ್ಬಿದ್ದ ಇಕಾರದ ಮಾದರಿಯದೇ. ಅಂದು ಜರಡಿ ಬೇರೆ ರೀತಿಯಲ್ಲಿ ಆಡಿದ್ದರೆ ಅವನ ಮಾತು ಶುದ್ಧವೆನಿಸುತ್ತಿತ್ತು. ನಗೆ ‘ಬತ್ತ’ ಎಂದವನ ಪಾಲಾಗುತ್ತಿತ್ತು. ತಪ್ಪು ಮಾಡುವ ವಿದ್ಯಾರ್ಥಿಯ ಉತ್ತರಪತ್ರಿಕೆಯ ಮೇಲೆ ಕೆಂಪು ಗೆರೆ ಎಳೆಯುವ ಮುನ್ನ ಅಧ್ಯಾಪಕರಾದ ನಾವು ಇದನ್ನು ನೆನೆಯುವುದು ಒಳ್ಳೆಯದು. ಗೆರೆಯನ್ನು ಎಳೆಯಲೇಬೇಕು, ಏಕೆಂದರೆ ಇಂದಿನ ಇಟಲಿಯಲ್ಲಿ ಆ ತಪ್ಪಿಗೆ ಸಾಮಾಜಿಕ ಬೆಲೆ ತೆರಬೇಕಾಗುತ್ತದೆ. ಆದರೆ ಅಲ್ಲಿ ಭಾಷೆ ಕೆಟ್ಟಿದೆಯೆಂದು ಭಾವಿಸಬೇಕಾಗಿಲ್ಲ.

ಈಚಿನ ದಶಕಗಳಲ್ಲಿ ‘ತು’ ತನ್ನ ಎಲ್ಲೆಯನ್ನು ವಿಸ್ತರಿಸಿಕೊಂಡಿದೆ. ಜಾಹೀರಾತುಗಳೂ ಯಂತ್ರಗಳ ಪರದೆಗಳೂ ಗ್ರಾಹಕನನ್ನು ಏಕವಚನದಲ್ಲಿಯೇ ಮಾತನಾಡಿಸುತ್ತವೆ. ಸಂಭಾವನಾರೂಪ ಸಾಯುತ್ತಿದೆಯೆಂಬ ಶೋಕಗೀತೆಗಳೂ ಆಗಾಗ ಕೇಳಿಬರುತ್ತವೆ. ಆದರೂ ಇಟಲಿಯ ಯಾವುದಾದರೂ ಊರಿನ ಅಂಗಡಿಗೆ ಹೋಗಿ ಸರದಿ ಬಂದಾಗ ಮುಂದೆ ನಿಂತರೆ, ಅಂಗಡಿಯವನು ಕೇಳುವ ಮಾತು ಇಂದಿಗೂ ‘ದೀಕ’ ಎಂದೇ. ‘ಪ್ರಭುತ್ವವು ಹೇಳುವಂತಾಗಲಿ’ ಎಂಬುದು ಅದರ ಮೂಲಾರ್ಥ. ಒಮ್ಮೆ ದೊರೆಗಳಿಗೆ ಮೀಸಲಾಗಿದ್ದ ಆ ವಿನಯ ಈಗ ನೂರು ಗ್ರಾಂ ಗಿಣ್ಣು ಕೊಳ್ಳಲು ಬಂದ ಕೂಲಿಕಾರನಿಗೂ, ಎರಡು ವಾಕ್ಯ ಇಟಾಲಿಯನ್ ಕಲಿತು ತಡವರಿಸುತ್ತ ನಿಂತ ಪರದೇಶಿಗೂ ಸಮಾನವಾಗಿ ಸಲ್ಲುತ್ತಿದೆ.